ಗಾಜು ಮೇಸ್ತ್ರಿಯ ಹೊಸ ಬ್ಲೇಡು

ಅವನ ನಿಜವಾದ ಹೆಸರು ಹಿಡಿದು ಕೂಗುವವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಅಂಚೆಯವನಿಂದ ಹಿಡಿದು ಎದುರುಮನೆಯಲ್ಲಿ ಈಗಷ್ಟೇ ಮಾತು ಕಲಿಯುತ್ತಿದ್ದ ಮಗುವಿನವರೆಗೆ ಎಲ್ಲರಿಗೂ ಅವನು ಗಾಜು ಮೇಸ್ತ್ರಿ. ಬಡಾವಣೆಗೆ ಹೊಸಬರಾದ ಕೆಲವರು ಇವನು ಕಿಟಕಿಗೆ ಗಾಜು ಕೂರಿಸುವವನೆಂದೇ ತಿಳಿದು, ಒಡೆದ ಕನ್ನಡಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದದ್ದೂ ಉಂಟು. ಅಂಥವರಿಗೆ ಅವನು ಏನನ್ನೂ ವಿವರಿಸುತ್ತಿರಲಿಲ್ಲ. ಶೆಡ್ಡಿನ ಬಾಗಿಲಿಗೆ ಒರಗಿಸಿಟ್ಟ ಕಪಾಟಿನ ಒಂದು ಅಂಚನ್ನು ತೋರಿಸಿ, “ಕೈ ಆಡ್ಸಿ ನೋಡಿ,” ಎನ್ನುತ್ತಿದ್ದ. ಬಂದವರ ಅಂಗೈ ಎಲ್ಲಿಯೂ ತಡೆಯದೆ ಈ ತುದಿಯಿಂದ ಆ ತುದಿಗೆ ಜಾರಿಕೊಂಡು ಹೋಗುತ್ತಿತ್ತು. ಹೆಸರು ಯಾಕೆ ಬಿತ್ತು ಎಂಬುದು ಅಲ್ಲಿಗೆ ತಿಳಿಯುತ್ತಿತ್ತು. ಮೇಸ್ತ್ರಿ ಮೀಸೆಯ ಅಡಿಯಲ್ಲೇ ನಗುತ್ತಿದ್ದ.

ಆದರೆ ಕೊಯ್ದ ಮರ ತಾನಾಗಿ ಹಾಗಿರುವುದಿಲ್ಲ. ಅವನ ಗರಗಸದ ಮಶೀನಿಗೆ ಮೊದಲ ದಿನದಿಂದಲೂ ಹಾಕಿದ್ದು ದೊಡ್ಡ ಹಲ್ಲಿನ ಒರಟು ಬ್ಲೇಡು. ಹಸಿದವನು ಊಟಕ್ಕೆ ಕುಳಿತ ಹಾಗೆ ಅದು ಮರಕ್ಕೆ ಬಾಯಿ ಹಾಕುತ್ತಿತ್ತು. ಕೆಲಸವೇನೋ ಬೇಗ ಮುಗಿಯುತ್ತಿತ್ತು, ಆದರೆ ಕೊಯ್ದ ಅಂಚೆಲ್ಲ ಹರಿದು, ಸಿಬಿರು ಎದ್ದು, ಮುಟ್ಟಿದರೆ ಬೆರಳಿಗೆ ಚುಚ್ಚುತ್ತಿತ್ತು. ಆ ಅಂಚು ಗಾಜಾಗುತ್ತಿದ್ದುದು ಶೆಡ್ಡಿನ ಹಿಂದಿನ ಕಿರಿದಾದ ವರಾಂಡದಲ್ಲಿ, ನಡುವೆ ಇಳಿಬಿಟ್ಟ ಗೋಣಿಯ ಪರದೆಯ ಆಚೆ, ಅವನ ಹೆಂಡತಿಯ ಕೈಯಲ್ಲಿ. ಅವಳು ಉಪ್ಪುಕಾಗದವನ್ನು ಹಿಡಿಗಾತ್ರದ ಮರದ ತುಂಡಿಗೆ ಸುತ್ತಿ, ಮೊದಲು ಒರಟು ಮರಳಿನದರಿಂದ, ಆಮೇಲೆ ಸಣ್ಣ ಮರಳಿನದರಿಂದ, ಕೊನೆಗೆ ಸವೆದು ಬಟ್ಟೆಯಂತಾದ ಹಳೆಯ ತುಂಡಿನಿಂದ ಉಜ್ಜುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಸುಮ್ಮನೆ ಕೂತಿರಲಾರದೆ ಎತ್ತಿಕೊಂಡ ಕೆಲಸ ಅದು. ಕೆಳಗಿಡಲು ಯಾರೂ ಹೇಳಲಿಲ್ಲ, ಅವಳು ಇಡಲೂ ಇಲ್ಲ.

ಹೆಸರು ಬಿದ್ದ ದಿನ ಮೇಸ್ತ್ರಿಗೆ ಚೆನ್ನಾಗಿ ನೆನಪಿತ್ತು. ಕಿಟಕಿಯ ಚೌಕಟ್ಟು ಒಯ್ಯಲು ಬಂದ ಗಿರಾಕಿಯೊಬ್ಬರು ಅದರ ಮೇಲೆ ಬೆರಳೆಳೆದು, “ಏನಪ್ಪಾ ನಿನ್ನ ಕೈ, ಮರಾನ ಗಾಜು ಮಾಡಿದ್ದೀಯಲ್ಲ,” ಎಂದಿದ್ದರು. ಆ ಹೊತ್ತಿಗೆ ಸರಿಯಾಗಿ ಹೆಂಡತಿ ಪರದೆ ಸರಿಸಿ ಹೊರಗೆ ಬಂದಿದ್ದಳು. ಮೊಣಕೈವರೆಗೂ ಮರದ ಬಿಳಿ ಹುಡಿ, ಹುಬ್ಬಿನ ಮೇಲೂ ಹುಡಿ. ಗಂಡ ಅವಳ ಕಡೆ ನೋಡಿದ. ಅವಳು ಮುಗುಳ್ನಕ್ಕು, “ಟೀ ಇಡ್ತೀನಿ,” ಎಂದು ಒಳಗೆ ಹೋದಳು. ಒಂದು ಮಾತು ಹೇಳಲು ಅಂದು ಎಷ್ಟು ಹೊತ್ತು ಬೇಕಿತ್ತು? ಅದನ್ನವನು ನುಂಗಿಕೊಂಡ. ಅಂದು ನುಂಗಿದ್ದನ್ನು ಮಾರನೆಯ ದಿನ ಉಗುಳುವುದು ಇನ್ನೂ ಕಷ್ಟವಾಯಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಅದು ಹೇಳಬೇಕಾದ ಮಾತೆಂಬುದೇ ಮರೆತಂತಾಯಿತು. ಹೆಸರು ಮಾತ್ರ ಬೀದಿಯಿಂದ ಬೀದಿಗೆ ಹಬ್ಬಿ, ಹೊರಗಿನಿಂದ ತಿರುಗಿ ಅವನ ಕಿವಿಗೇ ಬಂದು ಬಿದ್ದಾಗ, ಅದು ತನ್ನದೇ ಎಂದು ಅವನೂ ನಂಬಿದ.

ಆ ನಂಬಿಕೆಗೆ ಮೊದಲ ಏಟು ಬಿದ್ದದ್ದು ಮೂಳೆ ಡಾಕ್ಟರ ಕೋಣೆಯಲ್ಲಿ. ಹೆಂಡತಿಯ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳಲು ಅವಳು ಕೈಯನ್ನು ಎತ್ತುವ ಬದಲು ತಲೆಯನ್ನೇ ಕೈಯ ಬಳಿಗೆ ಬಗ್ಗಿಸುತ್ತಿದ್ದಳು. ಡಾಕ್ಟರು ಕೀಲನ್ನು ಅಲ್ಲಿ ಇಲ್ಲಿ ಒತ್ತಿ, ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಗಂಡನ ಕಡೆ ತಿರುಗಿದರು.

“ಅಮ್ಮ ಏನು ಕೆಲಸ ಮಾಡ್ತಾರೆ?”

“ಏನಿಲ್ಲ, ಮನೇಲೇ ಇರ್ತಾಳೆ,” ಎಂದ ಮೇಸ್ತ್ರಿ.

ಡಾಕ್ಟರು ಚಿತ್ರವನ್ನು ಮತ್ತೊಮ್ಮೆ ನೋಡಿದರು. “ಮನೇಲಿರೋರಿಗೆ ಹೀಗಾಗೋದು ಕಮ್ಮಿ. ಗೋಡೆ ಉಜ್ಜೋರು, ಪೇಂಟಿಂಗ್ ಮಾಡೋರು, ಅಂಥವರಲ್ಲಿ ನೋಡ್ತೀವಿ. ಒಂದೇ ಕಡೆ ಒಂದೇ ಥರ ಎಳೆದೂ ಎಳೆದೂ ಸವೆದಿದೆ.”

ಮೇಸ್ತ್ರಿ ಹೆಂಡತಿಯ ಕಡೆ ನೋಡಲಿಲ್ಲ. ಅವಳು ಗೋಡೆಯ ಕ್ಯಾಲೆಂಡರನ್ನು ಓದುತ್ತ ಕೂತಿದ್ದಳು, ಅದು ಕಳೆದ ವರ್ಷದ್ದು. ಇನ್ನು ಆ ಕೈಯಿಂದ ಉಜ್ಜುವ, ತಿಕ್ಕುವ, ಎಳೆಯುವ ಕೆಲಸ ಯಾವುದೂ ಕೂಡದೆಂದು ಡಾಕ್ಟರು ಹೇಳಿ, ಬೆಳಗಿನ ಹೊತ್ತು ವ್ಯಾಯಾಮ ಮಾಡಿಸುವ ಕಡೆಗೆ ಚೀಟಿ ಬರೆದುಕೊಟ್ಟರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳು ಒಂದೇ ಮಾತು ಕೇಳಿದ್ದು: “ಪಾತ್ರೆ ತಿಕ್ಕೋದೂ ಬೇಡ ಅಂದ್ರಾ ಅವರು?” ಅವನು ಹೂಂಗುಟ್ಟಿದ. ಆ ಡಾಕ್ಟರು ಬೈದಿದ್ದರೆ ಅವನು ತಿರುಗಿ ಜಗಳವಾಡಬಹುದಿತ್ತು. ಪ್ರಶ್ನೆಯೊಂದನ್ನು ಕೇಳಿ, ಸುಳ್ಳು ಉತ್ತರ ಪಡೆದು, ಅದನ್ನೇ ನಂಬಿ ತಲೆ ಕೆರೆದುಕೊಂಡ ಮನುಷ್ಯನ ಮೇಲೆ ಜಗಳ ತೆಗೆಯುವುದಾದರೂ ಹೇಗೆ?

ಇನ್ನೊಂದು ಸಂಗತಿ ಆ ಬಸ್ಸಿನಲ್ಲಿ ಅವನ ನೆನಪಿಗೆ ಬಂದಿತು. ಹಿಂದೊಮ್ಮೆ ಬ್ಯಾಂಕಿನಲ್ಲಿ ಬೆರಳಚ್ಚು ಹಿಡಿಯುವ ಯಂತ್ರ ಅವಳ ಬೆರಳನ್ನು ಗುರುತಿಸದೆ ಹೋಗಿತ್ತು. ಒರೆಸಿ ಇಟ್ಟರೂ ಇಲ್ಲ, ಒದ್ದೆ ಮಾಡಿ ಇಟ್ಟರೂ ಇಲ್ಲ. “ಅಮ್ಮಾ, ನಿಮ್ಮ ಬೆರಳಲ್ಲಿ ಗೆರೆಗಳೇ ಇಲ್ವಲ್ಲಮ್ಮ,” ಎಂದು ಗುಮಾಸ್ತೆ ಬೆರಗಾಗಿದ್ದಳು. ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಇಂಥ ಹೊತ್ತಿನಲ್ಲಿ ಪಕ್ಕದ ಬೀದಿಯ ಟೈಲರಮ್ಮ ಬಟ್ಟೆ ಕತ್ತರಿಸುವ ದೊಡ್ಡ ಮೇಜು ಬೇಕೆಂದು ಬಂದಳು. ಅವಳ ಅಂಗಡಿಯ ಕಪಾಟು, ಮನೆಯ ಬಾಗಿಲು ಎರಡೂ ಈ ಶೆಡ್ಡಿನಿಂದಲೇ ಹೋದವು. ಬ್ಲೌಸಿನ ಹೆಗಲಿಗೆ ಗುಂಡುಸೂಜಿಗಳ ಸಾಲು ಚುಚ್ಚಿಕೊಂಡೇ ತಿರುಗುವ ಹೆಂಗಸು. ಮಾತೂ ಹಾಗೆಯೇ, ಎಲ್ಲಿ ತಾಗಿದರೂ ಚುಚ್ಚುವಂಥದು.

“ಮೇಸ್ತ್ರಿಗಳೇ, ನಾಲ್ಕೂ ಕಡೆ ಅಂಚು ನಿಮ್ಮ ಹೆಸರಿನ ಥರಾನೇ ಇರ್ಬೇಕು. ನೈಸು ರೇಷ್ಮೆ ಎಳೆಯುವಾಗ ಒಂದು ದಾರ ಸಿಕ್ಕಿದ್ರೂ ಬಟ್ಟೆ ಹಾಳು, ಗಿರಾಕಿ ಹಾಳು, ನನ್ನ ನಾಲಿಗೆಯಂತೂ ಮೊದಲೇ ಹಾಳು,” ಎಂದಳು. “ಬಣ್ಣ ಪಾಲಿಶು ಏನೂ ಬೇಡ. ಬಿಳಿ ಬಟ್ಟೆಗೆ ಹತ್ತಿಬಿಡುತ್ತೆ. ಮರದ ಬಣ್ಣ ಹೇಗಿದೆಯೋ ಹಾಗೇ ಇರ್ಲಿ.”

ಆಗುವುದಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಯಾಕೆ ಆಗುವುದಿಲ್ಲವೆಂದು ಅವಳು ಕೇಳಿಯೇ ಕೇಳುತ್ತಿದ್ದಳು. ಉಜ್ಜುವ ಕೈ ನನ್ನದಲ್ಲ, ಅದಕ್ಕೆ ನೋವು ಎನ್ನಬೇಕಾಗುತ್ತಿತ್ತು. “ಮಾಡೋಣ ಬಿಡಿ,” ಎಂದ. ಪರದೆಯ ಆಚೆ, ಎಡಗೈಯಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿಗೆ ಇದೆಲ್ಲ ಕೇಳಿಸಿತ್ತು. ಊಟಕ್ಕೆ ಕೂತಾಗ ಅವಳು, “ನಿಧಾನವಾಗಿ ಒಂದೊಂದೇ ಅಂಚು ನಾನೇ ಮಾಡ್ಕೊಡ್ತೀನಿ, ಡಾಕ್ಟರೇನು ಬಂದು ನೋಡ್ತಾರಾ?” ಎಂದಳು.

ಮಾರನೆಯ ಬೆಳಿಗ್ಗೆಯೇ ಅವನು ಹತಾರದ ಅಂಗಡಿಯ ಮೆಟ್ಟಿಲು ಹತ್ತಿದ.

ಆ ಅಂಗಡಿಯವನು ನಯವಾಗಿ ಕೊಯ್ಯುವ ಸಣ್ಣ ಹಲ್ಲಿನ ಬ್ಲೇಡುಗಳನ್ನು ಮೊದಲ ಬಾರಿ ತರಿಸಿ ತೋರಿಸಿದ್ದು ಬಹಳ ಹಿಂದಿನ ಮಾತು. ಉಜ್ಜುವ ಕೆಲಸವೇ ಬೀಳುವುದಿಲ್ಲವಂತೆ, ಅಂಚು ಮಶೀನಿನಿಂದಲೇ ಮಿರಿಮಿರಿ ಬರುತ್ತದಂತೆ ಎಂದು ಅವನು ಹೇಳಿದಾಗ ಅಲ್ಲಿ ಹತ್ತಾರು ಬಡಗಿಗಳು ನಿಂತಿದ್ದರು. ಮೇಸ್ತ್ರಿ ಆ ಬ್ಲೇಡನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, “ಕೈಯಲ್ಲಿ ಕಸುಬು ಕಮ್ಮಿ ಇರೋರಿಗೆ ಬ್ಲೇಡಲ್ಲಿ ಹಲ್ಲು ಜಾಸ್ತಿ ಬೇಕಾಗುತ್ತೆ,” ಎಂದು ಮೂಗು ಮುರಿದು ವಾಪಸು ಇಟ್ಟಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ಮಾತು ಅಂಗಡಿಯಲ್ಲಿ ಅವನ ಹೆಸರಿಗೇ ಅಂಟಿಕೊಂಡು, ಈಗಲೂ ಯಾರಾದರೂ ಆ ಬ್ಲೇಡು ಕೇಳಿದರೆ ಅಂಗಡಿಯವನು ಅದನ್ನೇ ಹೇಳಿ ರೇಗಿಸಿ ಕೊಡುತ್ತಿದ್ದ.

“ಸಣ್ಣ ಹಲ್ಲಿಂದು ಒಂದು ಕೊಡಪ್ಪ,” ಎಂದ ಮೇಸ್ತ್ರಿ, ಗಾಜಿನ ಪೆಟ್ಟಿಗೆಯೊಳಗಿನ ಉಳಿಗಳನ್ನು ನೋಡುತ್ತ. “ನನಗಲ್ಲ. ಭಾವಮೈದ ಹೇಳಿ ಕಳಿಸಿದ್ದ.”

ಅಂಗಡಿಯವನು ತಕ್ಕಡಿಯಿಂದ ತಲೆ ಎತ್ತಿದ. “ಯಾವ ಭಾವಮೈದ ಅಣ್ಣಾ? ಬಸ್ಸು ಓಡಿಸ್ತಾರಲ್ಲ, ಅವರಾ?”

“ಅವನೇ.”

“ಬಸ್ಸಿಗೆ ಈ ಬ್ಲೇಡು ಎಲ್ಲಿ ಹಾಕ್ತಾರೆ?”

“ಮನೇಲಿ ಏನೋ ಮಾಡ್ಕೋತಾನಂತೆ. ನಿನಗ್ಯಾಕಯ್ಯ, ಕೊಡು ಅಂದ್ರೆ ಕೊಡು.”

ಅಂಗಡಿಯವನು ಮೇಲಿನ ಹಲಗೆಯಿಂದ ರಟ್ಟಿನ ಪೊಟ್ಟಣ ಇಳಿಸಿ ಧೂಳು ಊದಿದ. ಅವನ ತುಟಿಯ ಅಂಚಿನಲ್ಲಿ ಆ ಹಳೆಯ ಮಾತು ಬಂದು ನಿಂತಿತ್ತು, ಹೇಳಲಿಲ್ಲ. ಹೇಳದೆ ಬಿಟ್ಟದ್ದು ಮೇಸ್ತ್ರಿಗೆ ಹೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು. “ಅವರಿಗೆ ಒಂದು ಮಾತು ಹೇಳ್ಬಿಡಿ ಅಣ್ಣಾ,” ಎಂದು ಅಂಗಡಿಯವನು ಶುರುಮಾಡಿದ, “ಇದು ಮರಕ್ಕೆ ಅಡ್ಡ ಕೊಯ್ಯೋಕೆ. ದಪ್ಪ ಹಲಗೇನ ಎಳೆಗುಂಟ ಉದ್ದಕ್ಕೆ ಸೀಳೋದಾದ್ರೆ—”

“ಗೊತ್ತು ಬಿಡಯ್ಯ ಅವನಿಗೆ,” ಎಂದು ಮೇಸ್ತ್ರಿ ಪೊಟ್ಟಣವನ್ನು ಅಂಗಿಯೊಳಗೆ ತುರುಕಿಕೊಂಡು ಮೆಟ್ಟಿಲಿಳಿದ.

ಹೆಂಡತಿ ವ್ಯಾಯಾಮಕ್ಕೆ ಹೋಗಿದ್ದ ಹೊತ್ತು ನೋಡಿ ಅವನು ಹಳೆಯ ಬ್ಲೇಡು ಬಿಚ್ಚಿದ. ತನ್ನದೇ ಶೆಡ್ಡಿನಲ್ಲಿ, ತನ್ನದೇ ಮಶೀನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೀದಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಸ್ಪ್ಯಾನರನ್ನು ಮಡಿಲಲ್ಲಿ ಮುಚ್ಚಿಕೊಳ್ಳುವ ತನ್ನ ಸ್ಥಿತಿಗೆ ಅವನಿಗೇ ನಗು ಬರಬೇಕಿತ್ತು. ಬರಲಿಲ್ಲ. ಹೊಸದನ್ನು ಕೂರಿಸಿ, ನಟ್ಟು ಬಿಗಿ ಮಾಡಿ, ಡ್ರಾಯರಿನ ಮುಂಭಾಗಕ್ಕೆಂದು ತೆಗೆದಿಟ್ಟ ಹಲಗೆಯನ್ನು ಅಡ್ಡಲಾಗಿ ತಳ್ಳಿದ. ಹಳೆಯ ಬ್ಲೇಡಿನ ಗರ್ಜನೆಗೆ ಪಳಗಿದ ಕಿವಿಗೆ ಇದು ಉಸಿರೆಳೆದಂತೆ ಕೇಳಿಸಿತು. ಮರ ಅರಚಲಿಲ್ಲ, ನಡುಗಲಿಲ್ಲ. ಹಲಗೆ ಎರಡಾಯಿತು.

ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಒಂದು ಸಿಬಿರಿಲ್ಲ. ಎಳೆಗಳ ತುದಿಗಳೆಲ್ಲ ಒಂದೇ ಮಟ್ಟಕ್ಕೆ ನಿಂತು ಹೊಳೆಯುತ್ತಿದ್ದವು. ಹೆಬ್ಬೆರಳು ಆಡಿಸಿದ. ಜಾರಿತು. ಇಷ್ಟು ವರ್ಷ ಗಿರಾಕಿಗಳ ಅಂಗೈ ಜಾರಿದ್ದೂ ಹೀಗೆಯೇ. ಆದರೆ ಅದಕ್ಕೆ ಪರದೆಯ ಹಿಂದೆ ಒಂದು ಮಧ್ಯಾಹ್ನ ಹಿಡಿಯುತ್ತಿತ್ತು. ಇದಕ್ಕೆ ಹಿಡಿದದ್ದು ಒಂದು ಉಸಿರು.

ಸಂತೋಷಪಡಬೇಕಾದ ಮನುಷ್ಯ ಆ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತ. ಹೆಂಡತಿಯ ಭುಜ ಸವೆದದ್ದು ಬೇರೆ ದಾರಿಯಿಲ್ಲದೆ ಎಂದು ಅವನು ತನ್ನೊಳಗೆ ಒಂದು ಸಮಾಧಾನ ಕಟ್ಟಿಕೊಂಡಿದ್ದ. ಕಸುಬು ಅಂದ ಮೇಲೆ ಮೈ ಸವೆಯುತ್ತದೆ, ತನ್ನ ಕಿವಿ ಮಂದವಾಗಿಲ್ಲವೇ, ತನ್ನ ಸೊಂಟ ಹಿಡಿದುಕೊಂಡಿಲ್ಲವೇ ಎಂದು. ಆ ಸಮಾಧಾನವೂ ಈಗ ಹಲಗೆಯ ಜೊತೆಗೇ ಎರಡು ಹೋಳಾಗಿ ಬಿದ್ದಿತ್ತು. ದಾರಿ ಇತ್ತು. ಬಸ್ಸು ಹತ್ತಿ ಹೋಗಿ ತರುವಷ್ಟು ಹತ್ತಿರದಲ್ಲಿತ್ತು. ತಂದರೆ ಗಾಜು ತನ್ನ ಕೈಯದಲ್ಲವೆಂದು ಒಪ್ಪಿಕೊಂಡಂತಾಗುತ್ತದೆ, ಅಷ್ಟಕ್ಕಾಗಿ ಅವನು ತಂದಿರಲಿಲ್ಲ.

ಹೆಂಡತಿ ಬಂದಾಗ ಡ್ರಾಯರಿನ ಮುಂಭಾಗಗಳು ಗೋಡೆಗೆ ಒರಗಿ ನಿಂತಿದ್ದವು. ಅವಳು ಚಪ್ಪಲಿ ಬಿಡುವ ಮೊದಲೇ ಒಂದನ್ನು ಮುಟ್ಟಿದಳು. ಅವಳ ಬೆರಳು ಅಂಚಿನ ಮೇಲೆ ಹೋಗಿ, ನಿಂತು, ಮತ್ತೆ ಹಿಂದಕ್ಕೆ ಬಂದಿತು.

“ನೀವೇ ಉಜ್ಜಿದ್ರಾ?”

ಮೇಸ್ತ್ರಿ ಮಶೀನಿಗೆ ಬೆನ್ನು ಕೊಟ್ಟು, ಬ್ಲೇಡು ಕಾಣದಂತೆ ನಿಂತಿದ್ದ. ಇಲ್ಲ ಎನ್ನಲು ತುಟಿ ತೆರೆದ. “ಹೂಂ,” ಎಂಬ ಸದ್ದು ಹೊರಗೆ ಬಂದಿತು.

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪುಟ್ಟ ಬಟ್ಟಲಿನಲ್ಲಿ ಬಿಸಿ ಮಾಡಿದ ಎಣ್ಣೆ ಹಿಡಿದು ಬಂದು, “ಅಂಗಿ ತೆಗೀರಿ,” ಎಂದಳು.

“ಯಾಕೆ?”

“ಅಭ್ಯಾಸ ಇಲ್ಲದ ಕೈ. ಈಗ ಗೊತ್ತಾಗಲ್ಲ, ಆಮೇಲೆ ಗೊತ್ತಾಗುತ್ತೆ. ಭುಜ ಹಿಡ್ಕೊಂಡಿರುತ್ತೆ, ನನಗೆ ಗೊತ್ತಿಲ್ವಾ?”

“ಏನೂ ಆಗಿಲ್ಲ ಕಣೇ.”

“ಗಂಡಸರಿಗೆ ಯಾವಾಗ ಏನಾಗಿದೆ? ಕೂತ್ಕೊಳ್ರೀ ಸುಮ್ನೆ.”

ಅವನು ಸ್ಟೂಲಿನ ಮೇಲೆ ಕೂತ. ಮೇಲೆ ಏಳದ ಬಲಗೈಯನ್ನು ಅವಳು ಎಡಗೈಯಿಂದ ಎತ್ತಿ ಅವನ ಭುಜದ ಮೇಲಿಟ್ಟುಕೊಂಡು, ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕಿದಳು. ಗೆರೆಯಿಲ್ಲದ ಆ ಬೆರಳುಗಳು ನೋವೇ ಇಲ್ಲದ ಕೀಲನ್ನು ಹುಡುಕಿ ಹುಡುಕಿ ಒತ್ತುತ್ತಿದ್ದವು. “ನೋಡಿದ್ರಾ, ಇಲ್ಲೇ, ಗಂಟು ಕಟ್ಟಿದೆ,” ಎಂದಳು. ನೆಲ ಬಾಯಿ ಬಿಟ್ಟು ತನ್ನನ್ನು ಸ್ಟೂಲು ಸಮೇತ ನುಂಗಬಾರದೇ ಎನಿಸಿತು ಅವನಿಗೆ. ಮೈ ಹಿಡಿಯಾಗಿ ಕುಗ್ಗಿದ. ಅದನ್ನೂ ಅವಳು ನೋವೆಂದೇ ತಿಳಿದು ಇನ್ನಷ್ಟು ಎಣ್ಣೆ ಸುರಿದಳು. ಅವಳ ದನಿಯಲ್ಲಿ ಬಹಳ ದಿನಗಳಿಂದ ಕೇಳದಿದ್ದ ಒಂದು ಹಗುರವಿತ್ತು. ತನ್ನ ಕೆಲಸ ಎಂಥದ್ದೆಂದು ಇವರಿಗೆ ಇಷ್ಟು ಕಾಲದ ಮೇಲೆ ಮೈಯಿಂದಲೇ ತಿಳಿಯಿತಲ್ಲ ಎಂಬ ಹಗುರ ಅದು ಎಂದು ಅವನಿಗೆ ಅರ್ಥವಾಯಿತು. ಅದನ್ನು ಕಸಿದುಕೊಳ್ಳಲು ಅವನಿಗೆ ಧೈರ್ಯ ಸಾಲಲಿಲ್ಲ. ಹೀಗೆ ಒಂದು ಸುಳ್ಳು ಕರುಣೆಯ ವೇಷ ಹಾಕಿಕೊಂಡು ಅವನ ಮನೆಯಲ್ಲಿ ಉಳಿಯಿತು.

ಕೆಲವು ದಿನ ಹಾಗೆಯೇ ಸಾಗಿತು. ಮೇಜಿನ ಕಾಲು, ಡ್ರಾಯರು, ಚೌಕಟ್ಟು ಎಲ್ಲ ಒಂದೊಂದಾಗಿ ನುಣ್ಣಗೆ ಮಶೀನಿನಿಂದ ಇಳಿದವು. ಒಮ್ಮೆ ಅವಳು ಅಡುಗೆಮನೆಯಿಂದಲೇ, “ಮಶೀನಿಗೆ ಎಣ್ಣೆ ಬಿಟ್ರಾ? ಗಂಟಲು ಸಣ್ಣಗಾಗಿದೆಯಲ್ಲ ಅದಕ್ಕೆ,” ಎಂದು ಕೂಗಿದ್ದಳು. “ಬಿಟ್ಟೆ,” ಎಂದಿದ್ದ. ಅವಳು ಶೆಡ್ಡಿಗೆ ಬರುವ ಹೊತ್ತಿಗೆ ಮಶೀನಿನ ಮೇಲೆ ಗೋಣಿ ಮುಚ್ಚುವುದು, ಅಂಗಿಯ ತೋಳಿಗೆ ಒಂದಿಷ್ಟು ಹುಡಿ ಬಳಿದುಕೊಳ್ಳುವುದು ರೂಢಿಯಾಯಿತು. ಸಂಜೆ ಎಣ್ಣೆಯ ಬಟ್ಟಲು ಬರುವುದೂ ತಪ್ಪಲಿಲ್ಲ.

ಕೊನೆಗೆ ಉಳಿದದ್ದು ಮೇಜಿನ ಮೇಲುಹಲಗೆ. ತಿಳಿಬಣ್ಣದ, ದಪ್ಪನೆಯ, ಗಟ್ಟಿ ಮರ. ಅದರ ಒಂದು ಉದ್ದ ಮಗ್ಗುಲನ್ನು ಸಾಮಿಲ್ಲಿನಲ್ಲೇ ನಯಮಾಡಿಸಿ ತಂದಿದ್ದ. ಅಡ್ಡ ತುದಿಗಳೆರಡನ್ನೂ ಹೊಸ ಬ್ಲೇಡು ಕನ್ನಡಿಯ ಹಾಗೆ ಕೊಯ್ದುಕೊಟ್ಟಿತು. ಇನ್ನೊಂದು ಉದ್ದ ಮಗ್ಗುಲನ್ನು ಮಾತ್ರ ಮರದ ಎಳೆಯ ಜೊತೆಜೊತೆಗೆ, ಈ ಕೊನೆಯಿಂದ ಆ ಕೊನೆಗೆ ಸೀಳಬೇಕಿತ್ತು. ಇದು ದೊಡ್ಡ ಹಲ್ಲಿನ ಕೆಲಸ. ಕೈಗರಗಸದ ಕಾಲದಿಂದ ಬಂದವನಿಗೆ ಇದು ತಿಳಿಯದ್ದಲ್ಲ. ಆದರೆ ಹಳೆಯ ಬ್ಲೇಡು ಹಾಕಬೇಕಾದರೆ ಬಿಚ್ಚಬೇಕು, ಸ್ಪ್ಯಾನರು ಸದ್ದು ಮಾಡುತ್ತದೆ, ಹೆಂಡತಿ ಅಂದು ಮನೆಯಲ್ಲೇ ಇದ್ದಳು. ಟೈಲರಮ್ಮ ನಾಳೆ ಬರುವವಳು. ಅಂಗಡಿಯವನು ಏನೋ ಹೇಳಲು ಬಂದದ್ದು ನೆನಪಾಯಿತು. ಪೂರ್ತಿ ಕೇಳದೆ ಬಂದದ್ದೂ ನೆನಪಾಯಿತು. ನಿಧಾನವಾಗಿ ತಳ್ಳಿದರಾಯಿತು ಎಂದುಕೊಂಡು ಸ್ವಿಚ್ಚು ಒತ್ತಿದ.

ನಿಧಾನವಾಗಿ ತಳ್ಳಿದ್ದೇ ತಪ್ಪಾಯಿತು. ಸಣ್ಣ ಹಲ್ಲುಗಳ ನಡುವೆ ಹುಡಿ ತುಂಬಿ, ಹೊರಗೆ ಬೀಳಲು ಜಾಗವಿಲ್ಲದೆ, ಬ್ಲೇಡು ಮರವನ್ನು ಕೊಯ್ಯುವುದು ಬಿಟ್ಟು ತಿಕ್ಕತೊಡಗಿತು. ಮೊದಲು ಕೀರಲು ದನಿ, ಆಮೇಲೆ ಹೊಗೆಯ ಎಳೆ. ನಡುವೆ ನಿಲ್ಲಿಸಿದರೆ ಅಂಚಿನಲ್ಲಿ ಮೆಟ್ಟಿಲು ಬೀಳುತ್ತದೆಂದು ಅವನು ಹಲ್ಲು ಕಚ್ಚಿ ಕೊನೆಯವರೆಗೂ ತಳ್ಳಿದ. ಹಲಗೆ ಬೇರ್ಪಟ್ಟಾಗ ಶೆಡ್ಡಿನ ತುಂಬ ಸುಟ್ಟ ಮರದ ಕಮಟು.

“ಏನ್ರೀ ಹತ್ಕೊಂಡಿದೆ?” ಎನ್ನುತ್ತ ಹೆಂಡತಿ ಎಡಗೈಯಲ್ಲಿ ಬಕೆಟ್ಟು ಹಿಡಿದು, ಅರ್ಧ ನೀರನ್ನು ದಾರಿಗೇ ಚೆಲ್ಲುತ್ತ ಓಡಿಬಂದಳು. ಬೆಂಕಿ ಎಲ್ಲೂ ಇರಲಿಲ್ಲ. ಹೊಗೆಯ ನಡುವೆ ಗಂಡ ನಿಂತಿದ್ದ. ಅವನ ಮುಂದೆ ತಿಳಿಬಣ್ಣದ ಹಲಗೆ. ಅದರ ಇಡೀ ಮಗ್ಗುಲಿಗೆ ಕಾಡಿಗೆ ಬಳಿದಂತೆ ಕಪ್ಪು. ಗೋಣಿ ಮುಚ್ಚದ ಮಶೀನಿನಲ್ಲಿ ಸಣ್ಣ ಹಲ್ಲಿನ ಬ್ಲೇಡು ತಿರುಗುತ್ತ ತಿರುಗುತ್ತ ನಿಂತಿತು.

ಅವಳು ಬಕೆಟ್ಟು ಕೆಳಗಿಟ್ಟಳು. ಬ್ಲೇಡಿನ ಬಳಿ ಬಾಗಿ ನೋಡಿದಳು. ಹಲಗೆಯ ಅಡ್ಡ ತುದಿಯನ್ನು ಮುಟ್ಟಿದಳು. ಗೋಡೆಗೆ ಒರಗಿದ್ದ ಡ್ರಾಯರೊಂದನ್ನು ತಿರುಗಿಸಿ ಅದರ ಅಂಚಿನ ಮೇಲೆ ಬೆರಳು ಎಳೆದಳು. ಯಾವುದಕ್ಕೂ ಅವಸರವಿರಲಿಲ್ಲ.

“ಉಪ್ಪುಕಾಗದದ ಗೆರೆ ಒಂದೂ ಇರ್ಲಿಲ್ಲ ಇದರಲ್ಲಿ,” ಎಂದಳು. “ಅವತ್ತೇ ಅನ್ನಿಸ್ತು. ನಿಮ್ಮ ಕೈ ನನಗಿಂತ ಚೆನ್ನಾಗಿದೆ ಅಂದ್ಕೊಂಡೆ. ಒಂಚೂರು ಹೊಟ್ಟೆಕಿಚ್ಚೂ ಆಯ್ತು.”

ಮೇಸ್ತ್ರಿ ಅಂಗಿಯ ತೋಳಿಗೆ ಹತ್ತಿದ್ದ ಹುಡಿ ಕೊಡವಿದ.

“ದಿನಾ ಎಣ್ಣೆ ಹಚ್ಚಿಸ್ಕೊಂಡ್ರಲ್ಲ.”

“ಹೇಳ್ಬೇಕು ಅಂತಾನೇ ಇದ್ದೆ.”

“ಎಣ್ಣೆ ಹೋಗ್ಲಿ ಬಿಡಿ,” ಎಂದು ಅವಳು ಬ್ಲೇಡಿನ ಕಡೆ ಗದ್ದ ಚಾಚಿ ತೋರಿಸಿದಳು. “ಇದು ಅಂಗಡೀಲಿ ಯಾವತ್ತಿಂದ ಸಿಗ್ತಿತ್ತು?”

ಸಿಟ್ಟಿನ ಪ್ರಶ್ನೆಯಲ್ಲ ಅದು. ತಿಳಿಯಬೇಕೆಂದು ಕೇಳಿದ್ದು ಅಷ್ಟೇ. ಈಗ ಬಂದದ್ದು, ಹೊಸ ಮಾಲು ಎಂದರೆ ಅವಳು ನಂಬುತ್ತಿದ್ದಳು. ಅವಳಿಗೆ ಆ ಅಂಗಡಿಯ ದಾರಿಯೂ ಗೊತ್ತಿರಲಿಲ್ಲ. ನಂಬಿದ್ದರೆ ಅವಳ ಭುಜ ಕಸುಬಿಗೆ ಸಂದ ಭುಜವಾಗಿ ಉಳಿಯುತ್ತಿತ್ತು, ಅವನು ಸುಳ್ಳು ಹೇಳಿ ಎಣ್ಣೆ ಹಚ್ಚಿಸಿಕೊಂಡ ಬರೀ ಒಬ್ಬ ಪೆದ್ದ ಗಂಡನಾಗಿ ಉಳಿಯುತ್ತಿದ್ದ. ಆ ಉತ್ತರ ಅವನ ನಾಲಿಗೆಯ ತುದಿಗೆ ಬಂದಿತ್ತು. ಡಾಕ್ಟರ ಕೋಣೆಯಲ್ಲೂ ಉತ್ತರ ಇಷ್ಟೇ ಸಲೀಸಾಗಿ ಬಂದಿತ್ತು. ಅದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

“ಮಗಳನ್ನ ಸ್ಕೂಲಿಗೆ ಸೇರಿಸಿದೆವಲ್ಲ,” ಎಂದ. “ಆಗಲೇ ಇತ್ತು. ತೋರಿಸಿದ್ರು. ನಾನೇ ಬೇಡ ಅಂದೆ.”

ಮಗಳೀಗ ತನ್ನ ಮಗಳನ್ನು ಶಾಲೆಗೆ ಕಳಿಸುತ್ತಿದ್ದಳು. ಹೆಂಡತಿ ಮನಸ್ಸಿನಲ್ಲೇ ವರ್ಷಗಳ ಲೆಕ್ಕ ಹಾಕಿದಳು. ಎಡಗೈ ತಾನಾಗಿ ಬಲಭುಜದ ಮೇಲೆ ಹೋಗಿತ್ತು. ಅವಳು ಕೂಗಾಡಲಿ, ಬಕೆಟ್ಟಿನ ನೀರನ್ನು ತನ್ನ ತಲೆಯ ಮೇಲೆ ಸುರಿಯಲಿ ಎಂದು ಅವನು ಕಾದ.

“ಬೇಡ ಅಂದ್ರಿ,” ಎಂದಷ್ಟೇ ಹೇಳಿದಳು. ಆಮೇಲೆ ಪರದೆಯ ಆಚೆಯಿಂದ ಉಪ್ಪುಕಾಗದದ ಡಬ್ಬಿಯನ್ನು ಕಾಲಿನಿಂದ ತಳ್ಳಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದಳು. “ಅದನ್ನ ನಾನು ಮುಟ್ಟಲ್ಲ. ನೀವು ಸುಟ್ಟಿದ್ದು, ನೀವೇ ಉಜ್ಜಿ.”

ಕಪ್ಪನ್ನು ಕೊರೆದು ತೆಗೆಯೋಣವೆಂದರೆ ಹಲಗೆ ಆಗಲೇ ಅಳತೆಯ ಗೆರೆಗೆ ಬಂದು ನಿಂತಿತ್ತು, ಇನ್ನು ಕೊಯ್ದರೆ ಸಣ್ಣದಾಗುತ್ತಿತ್ತು. ಬಣ್ಣ ಹಾಕಿ ಮುಚ್ಚೋಣವೆಂದರೆ ಗಿರಾಕಿ ಮೊದಲೇ ಬೇಡವೆಂದಿದ್ದಳು. ಉಜ್ಜುವುದೊಂದೇ ಉಳಿದದ್ದು. ಅವನು ಉಜ್ಜಿದ. ಪರದೆಯ ಆಚೆ ಅವಳು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು, ಅವಳ ಅಂಗೈಯ ಅಳತೆಗೆ ಸವೆದಿದ್ದ ಮರದ ತುಂಡನ್ನು ಹಿಡಿದು, ಕತ್ತಲಾಗುವವರೆಗೂ ಉಜ್ಜಿದ. ಆ ತುಂಡಿನಲ್ಲಿ ಹೆಬ್ಬೆರಳಿಗೊಂದು ಕುಳಿ ಬಿದ್ದಿತ್ತು. ಅವನ ಹೆಬ್ಬೆರಳು ಅದರಲ್ಲಿ ಕೂರಲಿಲ್ಲ. ಅವಳು ಒಳಗಿನಿಂದ ಬರಲಿಲ್ಲ. ಆ ಸಂಜೆ ಎಣ್ಣೆಯ ಬಟ್ಟಲೂ ಬರಲಿಲ್ಲ.

ಟೈಲರಮ್ಮ ಹೇಳಿದ ಹೊತ್ತಿಗೇ ಬಂದಳು. ಕಪ್ಪು ಹೋಗಿತ್ತು. ಮೇಜು ಶೆಡ್ಡಿನ ನಡುವೆ ಹಾಲಿನ ಬಣ್ಣದಲ್ಲಿ ನಿಂತಿತ್ತು. ಅವಳು ಚೀಲದಿಂದ ಅಂಗೈಯಗಲದ ತೆಳು ರೇಷ್ಮೆಯ ತುಂಡೊಂದನ್ನು ತೆಗೆದು, ಮೊದಲ ಅಂಚಿನ ಮೇಲಿಟ್ಟು ಎಳೆದಳು. ಬಟ್ಟೆ ಗಾಳಿಯಲ್ಲಿ ತೇಲಿದಂತೆ ಹೋಯಿತು. “ಗಾಜು ಮೇಸ್ತ್ರಿ ಅಂದ್ರೆ ಸುಮ್ನೇನಾ,” ಎಂದಳು. ಎರಡನೆಯದು, ಮೂರನೆಯದು. ಪರದೆ ಸರಿಸಿ ಟೀ ತಂದ ಹೆಂಡತಿ ಅಲ್ಲೇ ನಿಂತಳು. ನಾಲ್ಕನೆಯ ಅಂಚಿನ ಅರ್ಧಕ್ಕೆ ರೇಷ್ಮೆ ಸಿಕ್ಕಿ ನಿಂತಿತು. ಒಂದು ದಾರ ಎದ್ದು ಬಂದಿತು.

“ಇದೇನು ಮೇಸ್ತ್ರಿಗಳೇ, ಇದೊಂದು ಕಡೆ ನಿದ್ದೆ ಮಾಡಿಬಿಟ್ರಾ?”

ಮೇಸ್ತ್ರಿ ತಲೆ ತಗ್ಗಿಸಿ ಆ ದಾರವನ್ನೇ ನೋಡಿದ. ಮರ ಸರಿಯಿರಲಿಲ್ಲ ಎನ್ನಬಹುದಿತ್ತು. ಗಂಟು ಅಡ್ಡ ಬಂತು ಎನ್ನಬಹುದಿತ್ತು.

“ಉಳಿದ ಮೂರೂ ಮಶೀನಿಂದ ಬಂದಿದ್ದು,” ಎಂದ. “ಇದು ನಾನು ಕೈಯಾರೆ ಉಜ್ಜಿದ್ದು. ನನಗೆ ಉಜ್ಜೋಕೆ ಬರಲ್ಲ.”

ಟೈಲರಮ್ಮ ನಕ್ಕಳು, ತಮಾಷೆ ಎಂದುಕೊಂಡು. ಅವನು ನಗಲಿಲ್ಲ. “ಇಷ್ಟು ವರ್ಷ ಉಜ್ಜಿದ್ದೆಲ್ಲ ಇವಳು. ಅದಕ್ಕೇ ಇವಳ ಕೈ ಹೋಗಿದ್ದು.”

“ಅಂದ್ರೆ, ನಮ್ಮ ಕಪಾಟು?”

“ಇವಳದೇ.”

“ಬಾಗಿಲು?”

“ಅದೂ ಇವಳದೇ.”

ಟೈಲರಮ್ಮ ಟೀ ಲೋಟವನ್ನೂ ಅದನ್ನು ಹಿಡಿದಿದ್ದ ಎಡಗೈಯನ್ನೂ ಒಮ್ಮೆ ನೋಡಿದಳು. “ಹಾಗಾದ್ರೆ ಗಾಜು ಅನ್ನೋ ಹೆಸರು ನಿಮಗೇ ಸೇರ್ಬೇಕಲ್ಲ ಅಕ್ಕಾ,” ಎಂದಳು.

“ಅವರ ಹತ್ರಾನೇ ಇರ್ಲಿ ಬಿಡಿ,” ಎಂದಳು ಹೆಂಡತಿ. “ಹೊರೋಕೆ ಈಗ ನನ್ನ ಭುಜಕ್ಕಾಗಲ್ಲ.”

ಇಂದು ಸಂಜೆಯ ಹೊತ್ತಿಗೆ ಇದು ಬೀದಿಯ ತುಂಬ ಹರಡಿರುತ್ತದೆ, ಮಾರನೆಯ ದಿನ ಹತಾರದ ಅಂಗಡಿಯನ್ನೂ ಮುಟ್ಟುತ್ತದೆ ಎಂದು ಮೇಸ್ತ್ರಿಗೆ ಗೊತ್ತಿತ್ತು. ಅವನು ಡಬ್ಬಿ ಎಳೆದುಕೊಂಡು ನಾಲ್ಕನೆಯ ಅಂಚಿನ ಮುಂದೆ ಮಂಡಿಯೂರಿದ. “ಕೂತಿರಿ, ಈಗಲೇ ಸರಿಮಾಡ್ತೀನಿ,” ಎಂದ. ಟೈಲರಮ್ಮ ಸ್ಟೂಲಿನ ಮೇಲೆ ಕೂತು ಟೀ ಊದಿದಳು.

ಅವನು ಉಜ್ಜಿದ. ಸ್ವಲ್ಪ ಹೊತ್ತಿಗೆ ಹೆಂಡತಿ ಬಾಗಿ, ಅವನ ಕೈಯ ಹಿಂದಿನಿಂದಲೇ ಬೆರಳು ಆಡಿಸಿ, “ಇನ್ನೂ,” ಎಂದಳು. ಅವನು ಮತ್ತೆ ಉಜ್ಜಿದ. ಬೆರಳು ಬಂದಿತು. “ಇನ್ನೂ.” ನಿನ್ನೆಯಿಂದ ಒಳಗೊಳಗೇ ಕಾಯುತ್ತಿದ್ದ ನೋವು ಈಗ ಭುಜದ ಕೀಲಿನಲ್ಲಿ ಸರಿಯಾಗಿ ಕೂತಿತು. ಅವಳು ಒತ್ತಿ ತೋರಿಸಿದ್ದ ಜಾಗದಲ್ಲೇ, ಗಂಟಿನ ಹಾಗೆ. ಕೈ ಒಂದು ಕ್ಷಣ ತಡವರಿಸಿದ್ದು ಅವಳಿಗೆ ಕಾಣಿಸಿತು.

“ಏನ್ರೀ, ಭುಜ ಹಿಡೀತಾ?”

ಅವನು ಇಲ್ಲವೆಂದು ತಲೆಯಾಡಿಸಿದ. ಆ ನೋವು ಬರುವ ಮೊದಲೇ ಅವನು ಅದಕ್ಕೆ ಎಣ್ಣೆ ಹಚ್ಚಿಸಿಕೊಂಡು ಮುಗಿಸಿಬಿಟ್ಟಿದ್ದ. ಈಗ ಹೇಳಲು ಏನೂ ಉಳಿದಿರಲಿಲ್ಲ.

ಅವಳು ಎಡಗೈ ಚಾಚಿ ಅವನ ಮಣಿಕಟ್ಟನ್ನು ಹಿಡಿದು, ಓರೆಯಾಗಿದ್ದದ್ದನ್ನು ನೇರಕ್ಕೆ ತಿರುಗಿಸಿದಳು.

“ಅಡ್ಡ ಎಳೀಬೇಡಿ,” ಎಂದಳು. “ಎಳೆಗುಂಟ ಹೋಗಿ.”